ಹದಿನಾರರ ಹುಡುಗರು ಸೋತಾಗ ಯಾರನ್ನು ಬೈಯಬೇಕು?

ದೊಡ್ಡವರ ತಂಡ ಸೋತಾಗ ಬೈಯುವುದಕ್ಕೆ ಹನ್ನೊಂದು ಜನ ಸಿಗುತ್ತಾರೆ. ಗೋಲಿ ಕೈಯಲ್ಲಿದ್ದ ಚೆಂಡು ಬಿಟ್ಟ, ಡಿಫೆಂಡರ್ ನಿದ್ದೆ ಹೊಡೆಯುತ್ತಿದ್ದ, ಸ್ಟ್ರೈಕರ್‌ಗೆ ಗೋಲು ಯಾವ ದಿಕ್ಕಿನಲ್ಲಿದೆ ಎಂದೇ ಗೊತ್ತಿಲ್ಲ ಎಂದು ಸಿಟ್ಟನ್ನು ಎಲ್ಲರಿಗೂ ಸ್ವಲ್ಪ ಸ್ವಲ್ಪ ಹಂಚಿ ನಾವು ಮನೆಗೆ ಹೋಗಬಹುದು. ಹದಿನೇಳು ವರ್ಷದೊಳಗಿನವರ ರಾಷ್ಟ್ರೀಯ ತಂಡ ಸೋತಾಗ ಈ ಅನುಕೂಲ ಇರುವುದಿಲ್ಲ. ಇನ್ನೂ ಮೀಸೆ ಚಿಗುರುತ್ತಿರುವ ಹುಡುಗನೊಬ್ಬ ಮೈದಾನದಲ್ಲಿ ಅಂಗಿಯಿಂದ ಮುಖ ಮುಚ್ಚಿಕೊಂಡು ಕೂತಿದ್ದನ್ನು ಕಂಡ ಮೇಲೆ ಅವನನ್ನು ಬೈಯಲು ಬಾಯಿ ಬರುವುದಿಲ್ಲ. ಆದರೆ ಬಂದ ಸಿಟ್ಟು ಎಲ್ಲಿಗಾದರೂ ಹೋಗಲೇಬೇಕಲ್ಲ. ಗೆರೆಯಾಚೆ ಕೈಕಟ್ಟಿ ನಿಂತ ಕೋಚ್ ಕಣ್ಣಿಗೆ ಬೀಳುತ್ತಾರೆ. ವಯಸ್ಸಾದವರು, ಸಂಬಳ ತೆಗೆದುಕೊಳ್ಳುವವರು, ಬಹಳ ಸಲ ಹೊರದೇಶದವರು. ಹುಡುಗರ ಪಾಲಿಗೆ ಬರಬೇಕಿದ್ದ ಬೈಗುಳವೂ ಸೇರಿ ಅಷ್ಟೂ ಅವರ ತಲೆಗೆ ಬೀಳುತ್ತದೆ.

ಈ ಸಿಟ್ಟು ನ್ಯಾಯವೇ ಎಂಬುದು ನನ್ನ ಪ್ರಶ್ನೆ. ಆಟದ ವಿಚಾರ, ಇಷ್ಟೊಂದು ತಲೆ ಕೆಡಿಸಿಕೊಳ್ಳುವುದೇಕೆ ಎಂದು ನೀವು ಕೇಳಬಹುದು. ಮಕ್ಕಳನ್ನು ಒಂದು ದೇಶದ ಹೆಸರಿನ ಅಂಗಿ ತೊಡಿಸಿ ನಿಲ್ಲಿಸಿದ ಮೇಲೆ ಅವರು ಯಾರಿಗೆ ಏನು ಕೊಡಬೇಕು, ನಾವು ಅವರಿಗೆ ಏನು ಕೊಡಬೇಕು ಎನ್ನುವುದು ಆಟಕ್ಕಿಂತ ದೊಡ್ಡ ಲೆಕ್ಕ. ಫುಟ್‌ಬಾಲ್‌ನಲ್ಲಿ ಅದು ಸ್ವಲ್ಪ ಸ್ಪಷ್ಟವಾಗಿ ಕಾಣುತ್ತದೆ, ಅಷ್ಟೇ.

ನಮ್ಮದೇ ಒಂದು ಉದಾಹರಣೆಯನ್ನು ಎದುರಿಗಿಟ್ಟುಕೊಂಡು ಯೋಚಿಸೋಣ. 2017ರ ಅಕ್ಟೋಬರ್‌ನಲ್ಲಿ ಹದಿನೇಳು ವರ್ಷದೊಳಗಿನ ಹುಡುಗರ ವಿಶ್ವಕಪ್ ಭಾರತದಲ್ಲಿ ನಡೆಯಿತು. ದೆಹಲಿ, ಕೋಲ್ಕತ್ತಾ, ಗೋವಾ, ಕೊಚ್ಚಿ, ಗುವಾಹಟಿ, ನವಿ ಮುಂಬೈ ಎಂದು ಆರು ಕಡೆ ಪಂದ್ಯಗಳಿದ್ದವು. ಬೆಂಗಳೂರಿಗೆ ಆ ಭಾಗ್ಯ ಇರಲಿಲ್ಲ. ಆತಿಥೇಯರಾದ್ದರಿಂದ ಭಾರತಕ್ಕೆ ಅರ್ಹತಾ ಪಂದ್ಯ ಆಡದೆಯೇ ಜಾಗ ಸಿಕ್ಕಿತ್ತು. ಫಿಫಾದ ಯಾವುದೇ ವಿಶ್ವಕಪ್‌ನಲ್ಲಿ ಭಾರತದ ಫುಟ್‌ಬಾಲ್ ತಂಡವೊಂದು ಆಡಿದ್ದು ಅದೇ ಮೊದಲು. ಮೊದಲ ಪಂದ್ಯದಲ್ಲಿ ಅಮೆರಿಕ 3-0ಯಿಂದ ಗೆದ್ದಿತು. ಎರಡನೆಯದರಲ್ಲಿ ಕೊಲಂಬಿಯಾ 2-1ರಿಂದ, ಮೂರನೆಯದರಲ್ಲಿ ಘಾನಾ 4-0ಯಿಂದ ಗೆದ್ದವು. ಮೂರು ಪಂದ್ಯ, ಒಂದು ಗೋಲು, ಸೊನ್ನೆ ಅಂಕ.

ಆ ಒಂದು ಗೋಲಿನ ಕಥೆ ಗೊತ್ತಿದ್ದವರಿಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಕೊಲಂಬಿಯಾ ವಿರುದ್ಧದ ಪಂದ್ಯದ 82ನೇ ನಿಮಿಷ. ಬೆಂಗಳೂರಿನ ಹುಡುಗ ಸಂಜೀವ್ ಸ್ಟಾಲಿನ್ ಕಾರ್ನರ್ ಹೊಡೆದ. ಮಣಿಪುರದ ಜೀಕ್ಸನ್ ಸಿಂಗ್ ಮೇಲೆ ನೆಗೆದು ತಲೆ ಕೊಟ್ಟ. ಚೆಂಡು ಬಲೆಯೊಳಗೆ. 1-1. ದೆಹಲಿಯ ನೆಹರೂ ಸ್ಟೇಡಿಯಂ ಹುಚ್ಚೆದ್ದಿತು. ಮುಂದಿನ ನಿಮಿಷದಲ್ಲೇ ಕೊಲಂಬಿಯಾದ ಪೆನ್ಯಾಲೋಸ ಎರಡನೇ ಗೋಲು ಹೊಡೆದ. ಸಂಭ್ರಮ ಮುಗಿಯುವ ಮೊದಲೇ ಪಂದ್ಯ ಕೈಬಿಟ್ಟು ಹೋಗಿತ್ತು.

ಆಮೇಲೆ ಶುರುವಾದದ್ದು ಕೋಚ್ ವಿಚಾರಣೆ. ಪೋರ್ಚುಗಲ್‌ನ ಲೂಯಿಸ್ ನಾರ್ಟನ್ ದಿ ಮಾತೋಸ್ ಆಗ ಕೋಚ್. ಹಿಂದೆ ಕೂತು ಕೋಟೆ ಕಾಯುವ ಆಟ ಆಡಿಸಿದರು ಎಂಬುದು ಒಂದು ದೂರು. ಸಿಕ್ಕಿಂನ ಕೋಮಲ್ ಥಾಟಾಲ್ ವಿಷಯ ಇನ್ನೊಂದು. ಹಿಂದಿನ ವರ್ಷ ಗೋವಾದಲ್ಲಿ ಬ್ರೆಜಿಲ್‌ನ ಹುಡುಗರ ವಿರುದ್ಧ ಗೋಲು ಹೊಡೆದಿದ್ದ ಹುಡುಗ ಅವನು. ಚೆಂಡನ್ನು ಕಾಲಿಗೆ ಅಂಟಿಸಿಕೊಂಡು ಓಡುತ್ತಿದ್ದ. ಜನಕ್ಕೆ ಅವನೆಂದರೆ ಪ್ರೀತಿ. ಅಮೆರಿಕ ವಿರುದ್ಧ ಆಡಿದ ಅವನು ಕೊಲಂಬಿಯಾ ವಿರುದ್ಧ ಆರಂಭದ ಹನ್ನೊಂದರಲ್ಲಿ ಇರಲಿಲ್ಲ. ಇರುವ ಒಬ್ಬ ಕಲೆಗಾರನನ್ನು ಬೆಂಚಿನಲ್ಲಿ ಕೂರಿಸಿ ಗೋಡೆ ಕಟ್ಟಲು ಹೊರಟರಲ್ಲ ಎಂದು ಅಭಿಮಾನಿಗಳು ಕುದಿದರು.

ಈ ದೂರುಗಳಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಅದಕ್ಕೂ ಮೊದಲು, ಇಂಥ ಸಿಟ್ಟಿಗೆ ಎರಡು ಸುಲಭದ ಉತ್ತರಗಳು ಚಾಲ್ತಿಯಲ್ಲಿವೆ. ಎರಡೂ ನನಗೆ ಒಪ್ಪಿಗೆಯಿಲ್ಲ. ಒಂದು, ಪಾಪ ಮಕ್ಕಳು, ಆಡಿದ್ದೇ ದೊಡ್ಡದು, ಬಿಡಿ ಎನ್ನುವುದು. ಇನ್ನೊಂದು, ಕ್ರಿಕೆಟ್ ನೋಡುವ ದೇಶಕ್ಕೆ ಫುಟ್‌ಬಾಲ್ ಬಗ್ಗೆ ಮಾತಾಡುವ ಅಧಿಕಾರ ಎಲ್ಲಿದೆ ಎನ್ನುವುದು.

ಬ್ರಿಟನ್ನಿನ ತತ್ವಜ್ಞಾನಿ ಪಿ. ಎಫ್. ಸ್ಟ್ರಾಸನ್ 1962ರಲ್ಲಿ ಸಿಟ್ಟಿನ ಬಗ್ಗೆ ಒಂದು ಪ್ರಸಿದ್ಧ ಉಪನ್ಯಾಸ ಕೊಟ್ಟರು. ನನಗೆ ಅರ್ಥವಾದಂತೆ ಅದರ ತಿರುಳು ಇಷ್ಟು: ನಾವು ಒಬ್ಬರ ಮೇಲೆ ಸಿಟ್ಟಾಗುತ್ತೇವೆ ಎಂದರೆ ಅವರನ್ನು ಜವಾಬ್ದಾರಿ ಹೊರಬಲ್ಲ ಮನುಷ್ಯರೆಂದು ಪರಿಗಣಿಸಿದ್ದೇವೆ ಎಂದರ್ಥ. ಕಾಲಿಗೆ ಎಡವಿದ ಕಲ್ಲಿನ ಮೇಲೆ ನಿಜವಾದ ಸಿಟ್ಟು ಬರುವುದಿಲ್ಲ. ಜ್ವರದಲ್ಲಿ ಬಡಬಡಿಸುವವರ ಮಾತಿಗೆ ನೊಂದುಕೊಳ್ಳುವುದಿಲ್ಲ. ಪುಟ್ಟ ಮಗು ಕೆನ್ನೆಗೆ ಹೊಡೆದರೆ ನಗುತ್ತೇವೆ. ಸಿಟ್ಟು, ಕೃತಜ್ಞತೆ, ಕ್ಷಮೆ ಇವೆಲ್ಲ ಸಮಾನರ ನಡುವಿನ ವ್ಯವಹಾರ. ಯಾರನ್ನಾದರೂ ಆ ವ್ಯವಹಾರದಿಂದ ಹೊರಗಿಟ್ಟರೆ ಅವರ ಮೇಲೆ ಕರುಣೆ ತೋರಿದಂತಾಗಬಹುದು, ಆದರೆ ಅವರನ್ನು ಗಂಭೀರವಾಗಿ ತೆಗೆದುಕೊಂಡಂತಾಗುವುದಿಲ್ಲ.

ಹದಿನಾರು ವಯಸ್ಸು ಈ ಎರಡರ ನಡುವಿನ ಹೊಸ್ತಿಲು. ಜೀಕ್ಸನ್ ಗೋಲು ಹೊಡೆದಾಗ ಅವನಿಗೆ ಹದಿನಾರು. ಅಂಥ ಹುಡುಗನಿಗೆ 'ಪಾಪ, ಆಡಿದ್ದೇ ದೊಡ್ಡದು' ಎಂದರೆ ಅವನಿಗೆ ಖುಷಿಯಾಗುತ್ತದೆಯೇ? ಅವನು ಗೆಲ್ಲಲು ಬಂದವನು. ಸೋಲು ಅವನಿಗೆ ನೋಯುತ್ತದೆ, ನೋಯಬೇಕು ಕೂಡ. ಆ ನೋವಿನಲ್ಲಿ ಪಾಲು ತೆಗೆದುಕೊಳ್ಳುವ ಅಭಿಮಾನಿ, ಚಪ್ಪಾಳೆ ತಟ್ಟಿ ಮರೆತುಬಿಡುವ ಅಭಿಮಾನಿಗಿಂತ ಅವನಿಗೆ ಹತ್ತಿರದವನು. ಹಾಗಾಗಿ ಸಿಟ್ಟು ಬರುವುದು ತಪ್ಪಲ್ಲ ಎಂದು ನಾನು ಭಾವಿಸುತ್ತೇನೆ. ಸಿಟ್ಟೇ ಬರದ ದಿನ ಈ ತಂಡ ಯಾರದ್ದೂ ಅಲ್ಲದ ತಂಡವಾಗುತ್ತದೆ. ಉಳಿಯುವ ಪ್ರಶ್ನೆ ಎಂದರೆ ಅದು ಯಾರ ಮೇಲೆ ಬರಬೇಕು, ಯಾವುದಕ್ಕಾಗಿ ಬರಬೇಕು ಎನ್ನುವುದು.

ಕೋಚ್ ಕೈಯಲ್ಲಿ ಏನಿತ್ತು ಎಂದು ನೋಡೋಣ. ಜರ್ಮನಿಯ ನಿಕೊಲಾಯ್ ಆಡಂ ಎಂಬುವರು 2015ರಿಂದ ಈ ಹುಡುಗರನ್ನು ತಯಾರು ಮಾಡುತ್ತಿದ್ದರು. 2017ರ ಆರಂಭದಲ್ಲಿ ಅವರು ಹೋದರು. ಮಾರ್ಚ್‌ನಲ್ಲಿ ಮಾತೋಸ್ ಬಂದರು. ಅಕ್ಟೋಬರ್‌ನಲ್ಲಿ ವಿಶ್ವಕಪ್. ನಡುವೆ ಏಳು ತಿಂಗಳು. ಎದುರಾಳಿಗಳ ಪೈಕಿ ಘಾನಾ ಈ ವಿಶ್ವಕಪ್ಪನ್ನು ಹಿಂದೆ ಎರಡು ಸಲ ಗೆದ್ದ ದೇಶ. ಏಳು ತಿಂಗಳಲ್ಲಿ ಒಬ್ಬ ಕೋಚ್ ಹುಡುಗರಿಗೆ ಎಲ್ಲಿ ನಿಲ್ಲಬೇಕು, ಯಾವಾಗ ಓಡಬೇಕು ಎಂದು ಹೇಳಿಕೊಡಬಹುದು. ಒಂಬತ್ತನೇ ವಯಸ್ಸಿನಲ್ಲಿ ಕಲಿಯಬೇಕಿದ್ದ ಮೊದಲ ಸ್ಪರ್ಶವನ್ನು, ವರ್ಷಕ್ಕೆ ಮೂವತ್ತು ನಲವತ್ತು ಒಳ್ಳೆಯ ಪಂದ್ಯ ಆಡಿದರಷ್ಟೇ ಬರುವ ಆಟದ ಅರಿವನ್ನು ಏಳು ತಿಂಗಳಲ್ಲಿ ತುಂಬಲಾಗದು. ಕೆರೆಗೆ ನೀರು ಬರುವ ಕಾಲುವೆಗಳೆಲ್ಲ ಮುಚ್ಚಿಹೋಗಿರುವಾಗ ತೂಬು ತೆರೆಯುವವನನ್ನು ಬೈದು ಏನು ಬಂತು?

ಅದೃಷ್ಟದ ಮಾತೂ ಇದೆ. ಅಮೆರಿಕ ವಿರುದ್ಧದ ಪಂದ್ಯದ ಕೊನೆಯ ಹೊತ್ತಿನಲ್ಲಿ ಅನ್ವರ್ ಅಲಿ ಹೊಡೆದ ಚೆಂಡು ಗೋಲಿನ ಮೇಲಿನ ಕಂಬಕ್ಕೆ ಬಡಿದು ಹಿಂದೆ ಬಂತು. ಅಮೆರಿಕದವರು ಅದೇ ಚೆಂಡನ್ನು ಹೊತ್ತೊಯ್ದು ಇತ್ತ ಮೂರನೇ ಗೋಲು ಹೊಡೆದರು. 1-2 ಆಗಬೇಕಿದ್ದದ್ದು 0-3 ಆಯಿತು. ಕೆಲವು ಇಂಚು ಕೆಳಗೆ ಹೋಗಿದ್ದರೆ ಮರುದಿನದ ಪತ್ರಿಕೆಯಲ್ಲಿ ಅದೇ ಕೋಚ್, ಅದೇ ತಂತ್ರ, 'ಕೆಚ್ಚೆದೆಯ ಹೋರಾಟ' ಎಂದು ಅಚ್ಚಾಗುತ್ತಿತ್ತು. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗೆಲ್ ಎಂಬ ಇಬ್ಬರು ತತ್ವಜ್ಞಾನಿಗಳು ಇದನ್ನು ನೈತಿಕ ಅದೃಷ್ಟ ಎಂದು ಕರೆದು ಚರ್ಚಿಸಿದರು. ಮನುಷ್ಯರನ್ನು ಅವರ ಕೈಯಲ್ಲಿರುವುದಕ್ಕೆ ಮಾತ್ರ ಹೊಣೆ ಮಾಡಬೇಕು ಎಂದು ನಾವೆಲ್ಲ ಒಪ್ಪುತ್ತೇವೆ, ಆದರೆ ನಿಜವಾಗಿ ತೀರ್ಪು ಕೊಡುವಾಗ ಅವರ ಕೈಯಲ್ಲಿಲ್ಲದ ಫಲಿತಾಂಶವನ್ನೇ ನೋಡುತ್ತೇವೆ. ಕೋಚ್‌ಗಳ ಬದುಕು ಈ ಇಬ್ಬಂದಿಯ ಮೇಲೇ ನಿಂತಿದೆ. ಥಾಟಾಲ್‌ನನ್ನು ಕೂರಿಸಿದ ಮಾತೋಸ್ ನೆನಪಿರುತ್ತಾರೆ. ಜೀಕ್ಸನ್ ತಂಡಕ್ಕೆ ಬಂದದ್ದೂ ಅವರ ಕಾಲದಲ್ಲೇ ಎಂಬುದು ಅಷ್ಟಾಗಿ ನೆನಪಿರುವುದಿಲ್ಲ.

ಇಷ್ಟು ಹೇಳಿದ ಮೇಲೆ ಕೋಚ್ ನಿರಪರಾಧಿ ಎಂದು ಮುಗಿಸಬಹುದಿತ್ತು. ನನಗೆ ಅದು ಸಾಲದು. ಹುಡುಗರ ತಂಡದ ಕೋಚ್‌ಗೆ ಮಾತ್ರ ಇರುವ ಒಂದು ಅಧಿಕಾರ ದೊಡ್ಡವರ ತಂಡದ ಕೋಚ್‌ಗೆ ಇರುವುದಿಲ್ಲ. ಇಪ್ಪತ್ತೆಂಟರ ಆಟಗಾರನನ್ನು ಕೋಚ್ ಹೊರಗಿಟ್ಟರೆ ಅವನು ತನ್ನ ಕ್ಲಬ್ಬಿಗೆ ಹೋಗಿ ಆಡುತ್ತಾನೆ, ಸಂಬಳ ಬರುತ್ತದೆ, ಮನೆಯಿದೆ. ಹದಿನೈದರ ಹುಡುಗನನ್ನು ಶಿಬಿರದಿಂದ ಕಳಿಸಿಬಿಟ್ಟರೆ ಅವನ ಬದುಕಿನ ದಾರಿಯೇ ಬದಲಾಗಬಹುದು. ಓದು ಅರ್ಧಕ್ಕೆ ಬಿಟ್ಟಿರುತ್ತಾನೆ. ಮನೆಯವರು ಸಾಲ ಮಾಡಿ ಬೂಟು ಕೊಡಿಸಿರುತ್ತಾರೆ. ಕೋಚ್ ಅಲ್ಲಿ ತಂತ್ರಗಾರ ಮಾತ್ರವಲ್ಲ, ಮೇಷ್ಟರು, ಸ್ವಲ್ಪ ಮಟ್ಟಿಗೆ ಅಪ್ಪ ಅಮ್ಮ ಕೂಡ. ಹಾಗಿರುವಾಗ ಅವರನ್ನು ಅಳೆಯುವ ಕೋಲು ಬೇರೆಯೇ ಆಗಬೇಕು.

ಬೆಂಗಳೂರಿನ ಒಂದು ಮೈದಾನದಲ್ಲಿ ಹದಿಮೂರು ವರ್ಷದೊಳಗಿನವರಿಗೆ ಕಲಿಸುವ ಕೋಚ್ ಒಬ್ಬರು ನನಗೆ ಪರಿಚಯ. ಅವರ ಹುಡುಗರು ಒಂದು ಟೂರ್ನಿಯ ಮೊದಲ ಸುತ್ತಿನಲ್ಲೇ ಸೋತಿದ್ದರು. ತಂದೆಯೊಬ್ಬರು ಎಲ್ಲರೆದುರೇ ಕೂಗಾಡಿ ಹೋಗಿದ್ದರು. ಆಮೇಲೆ ಟೀ ಕುಡಿಯುತ್ತ ಆ ಕೋಚ್ ಹೇಳಿದ್ದು ಇದು: "ನೋಡಿ ಸರ್, ಇವರಲ್ಲಿ ನಾಲ್ಕು ಹುಡುಗರು ಆಗ್ಲೇ ಉದ್ದ ಬೆಳೆದುಬಿಟ್ಟಿದ್ದಾರೆ. ಅವರನ್ನ ಮುಂದೆ ನಿಲ್ಸಿ, ಚೆಂಡನ್ನ ಮೇಲಕ್ಕೆ ಎತ್ತಿ ಹೊಡೀರೋ ಅಂದ್ರೆ ಈ ಕಪ್ ನಂದೇ. ಎರಡು ವರ್ಷ ಹೋದ್ರೆ ಉಳಿದವರೂ ಉದ್ದ ಆಗ್ತಾರೆ. ಆಗ ಈ ನಾಲ್ಕು ಜನಕ್ಕೆ ಏನೂ ಬರ್ತಿರಲ್ಲ. ಉಳಿದವರು ಅಷ್ಟೊತ್ತಿಗೆ ಆಟಾನೇ ಬಿಟ್ಟಿರ್ತಾರೆ."

ಇದು ಅವರೊಬ್ಬರ ಅನುಭವ ಮಾತ್ರವಲ್ಲ. 1980ರ ದಶಕದಲ್ಲಿ ಕೆನಡಾದ ಐಸ್ ಹಾಕಿಯಲ್ಲಿ ಗಮನಿಸಿದ ಸಂಗತಿಯೊಂದಿದೆ. ವಯಸ್ಸಿನ ಲೆಕ್ಕ ಜನವರಿ 1ರಿಂದ ಶುರುವಾದರೆ ಆಯ್ಕೆಯಾದ ಮಕ್ಕಳಲ್ಲಿ ಜನವರಿ, ಫೆಬ್ರುವರಿ, ಮಾರ್ಚ್‌ನಲ್ಲಿ ಹುಟ್ಟಿದವರೇ ಹೆಚ್ಚು. ಒಂದೇ ವರ್ಷದ ಜನವರಿಯ ಮಗುವಿಗೂ ಡಿಸೆಂಬರ್‌ನ ಮಗುವಿಗೂ ಹೆಚ್ಚುಕಡಿಮೆ ಹನ್ನೆರಡು ತಿಂಗಳ ಬೆಳವಣಿಗೆಯ ಅಂತರ. ಕೋಚ್ ಕಣ್ಣಿಗೆ ಅದು ಪ್ರತಿಭೆಯಾಗಿ ಕಾಣುತ್ತದೆ. ಫುಟ್‌ಬಾಲ್‌ನಲ್ಲೂ ಇದೇ ಮತ್ತೆ ಮತ್ತೆ ಕಂಡುಬಂದಿದೆ. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ನಮ್ಮ ಗಾದೆಯನ್ನು ನಾನು ಇಲ್ಲಿ ಅನುಮಾನಿಸುತ್ತೇನೆ. ಮೊಳಕೆಯಲ್ಲಿ ಎಷ್ಟೋ ಸಲ ಕಾಣುವುದು ಬಿತ್ತಿದ ದಿನ ಯಾವುದು ಎಂಬುದಷ್ಟೇ. ಈ ವಾರವೇ ಗೆಲ್ಲಬೇಕಾದ ಕೋಚ್ ಜನವರಿಯ ಮಕ್ಕಳನ್ನು ಆರಿಸುತ್ತಾರೆ. ಗೆಲ್ಲಲೇಬೇಕು ಎಂದು ಅವರ ಬೆನ್ನ ಹಿಂದೆ ಕೂಗುವವರು ನಾವು.

ಹಾಗಾದರೆ ಗೆಲುವು ಮುಖ್ಯವಲ್ಲವೇ? ಹದಿಹರೆಯದ ಗೆಲುವು ಮುಂದೆ ಏನಾಗುತ್ತದೆ ಎಂಬುದಕ್ಕೆ ಚರಿತ್ರೆ ಸ್ವಲ್ಪ ವಿಚಿತ್ರವಾದ ಉತ್ತರ ಕೊಡುತ್ತದೆ. ನೈಜೀರಿಯಾ ಈ ಕಿರಿಯರ ವಿಶ್ವಕಪ್ಪನ್ನು ಐದು ಸಲ ಗೆದ್ದಿದೆ. 1985, 1993, 2007, 2013, 2015. ಬೇರಾವ ದೇಶವೂ ಅಷ್ಟು ಗೆದ್ದಿಲ್ಲ. ಆದರೆ ದೊಡ್ಡವರ ವಿಶ್ವಕಪ್‌ನಲ್ಲಿ ಆ ದೇಶ ಕೊನೆಯ ಹದಿನಾರರ ಹಂತ ದಾಟಿಲ್ಲ. ಅರ್ಜೆಂಟೀನಾ ಹದಿನೇಳರೊಳಗಿನವರ ಕಪ್ಪನ್ನು ಒಮ್ಮೆಯೂ ಗೆದ್ದಿಲ್ಲ. ದೊಡ್ಡವರ ಕಪ್ಪು ಅದರ ಮನೆಯಲ್ಲಿ ಮೂರಿವೆ.

ಇದನ್ನು ಕೇಳಿ 'ಸೋತರೇನಂತೆ, ಕಲಿತರಲ್ಲ' ಎಂದು ಸಮಾಧಾನ ಮಾಡಿಕೊಳ್ಳುವ ಮುನ್ನ ಅರ್ಜೆಂಟೀನಾದ್ದೇ ಇನ್ನೊಂದು ಕಥೆ ಕೇಳಬೇಕು. ಹೊಸೆ ಪೆಕೆರ್‌ಮನ್ ಎಂಬ ಮಾಜಿ ಆಟಗಾರ ಗಾಯದಿಂದ ಆಟ ಬಿಟ್ಟು ಒಂದಷ್ಟು ಕಾಲ ಟ್ಯಾಕ್ಸಿ ಓಡಿಸಿದವರು. 1994ರಲ್ಲಿ ಅವರ ಕೈಗೆ ದೇಶದ ಕಿರಿಯರ ತಂಡಗಳು ಬಂದವು. ಇಪ್ಪತ್ತು ವರ್ಷದೊಳಗಿನವರ ವಿಶ್ವಕಪ್ಪನ್ನು ಅವರ ಹುಡುಗರು 1995, 1997, 2001ರಲ್ಲಿ ಗೆದ್ದರು. 1997ರ ತಂಡದಲ್ಲಿ ಲಿಯೋನೆಲ್ ಸ್ಕಲೋನಿ, ಪಾಬ್ಲೊ ಐಮಾರ್, ವಾಲ್ಟರ್ ಸ್ಯಾಮ್ಯುಯೆಲ್ ಇದ್ದರು. 2022ರಲ್ಲಿ ಮೆಸ್ಸಿಯ ಅರ್ಜೆಂಟೀನಾ ವಿಶ್ವಕಪ್ ಎತ್ತಿದಾಗ ಕೋಚ್ ಆಗಿದ್ದವರು ಅದೇ ಸ್ಕಲೋನಿ, ಪಕ್ಕದಲ್ಲಿ ಸಹಾಯಕರಾಗಿ ನಿಂತಿದ್ದವರು ಐಮಾರ್ ಮತ್ತು ಸ್ಯಾಮ್ಯುಯೆಲ್. ಒಬ್ಬ ಮೇಷ್ಟರ ಪಾಠ ಇಪ್ಪತ್ತೈದು ವರ್ಷದ ನಂತರ ಇನ್ನೊಂದು ಬೆಂಚಿನ ಮೇಲೆ ಫಲ ಕೊಟ್ಟಿತು. ಗೆಲುವು ಬೇರೆ, ಬೆಳವಣಿಗೆ ಬೇರೆ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದು ಯಾರಾದರೂ ಹೇಳಿದರೆ ನಾನು ಪೆಕೆರ್‌ಮನ್ ಹೆಸರು ಹೇಳುತ್ತೇನೆ. ಚೆನ್ನಾಗಿ ಬೆಳೆಸಿದವರಿಗೆ ಗೆಲುವೂ ಬಂದೀತು. ಗೆಲುವಿಗಾಗಿಯೇ ಬೆಳೆಸಿದರೆ ಬೆಳವಣಿಗೆ ಬರುತ್ತದೆಂಬ ಖಾತರಿ ಇಲ್ಲ.

ನಮ್ಮ 2017ರ ಹುಡುಗರೂ ಇದಕ್ಕೆ ಸಣ್ಣ ಸಾಕ್ಷಿ ಹೇಳುತ್ತಾರೆ. ಮೂರಕ್ಕೆ ಮೂರೂ ಸೋತ ಆ ತಂಡದಿಂದ ಅಮರ್‌ಜಿತ್ ಸಿಂಗ್, ಸುರೇಶ್ ಸಿಂಗ್, ಜೀಕ್ಸನ್ ಸಿಂಗ್, ಅನ್ವರ್ ಅಲಿ, ರಹೀಂ ಅಲಿ ಭಾರತದ ಹಿರಿಯರ ತಂಡಕ್ಕೆ ಆಡಿದರು. ಸುರೇಶ್‌ನನ್ನು ನಮ್ಮ ಬೆಂಗಳೂರು ಎಫ್‌ಸಿಯ ನಡುಮೈದಾನದಲ್ಲಿ ಕಂಠೀರವದಲ್ಲಿ ಕೂತು ನೋಡಿದವರು ಸಾಕಷ್ಟು ಜನ ಇದ್ದೀರಿ. ಅನ್ವರ್‌ಗೆ 2019ರಲ್ಲಿ ಹೃದಯದ ತೊಂದರೆ ಪತ್ತೆಯಾಯಿತು. ಆಡಬಾರದು ಎಂದರು. ಪ್ರಕರಣ ದೆಹಲಿ ಹೈಕೋರ್ಟ್ ಮೆಟ್ಟಿಲೇರಿತು. ಅವನು ಮರಳಿ ಬಂದು ದೇಶಕ್ಕೆ ಆಡಿದ. ಕಂಬಕ್ಕೆ ಬಡಿದ ಆ ಚೆಂಡಿನ ಹುಡುಗ ಇವನೇ. 2017ರ ಅಕ್ಟೋಬರ್ 12ರ ರಾತ್ರಿ ಘಾನಾ ಪಂದ್ಯ ಮುಗಿದಾಗ ಈ ತಂಡದ ಲೆಕ್ಕ ಮುಗಿಯಿತು ಎಂದುಕೊಂಡವರಿಗೆ ಲೆಕ್ಕ ಆಗಷ್ಟೇ ಶುರುವಾಗಿತ್ತು.

ಹಾಗಿದ್ದರೆ ಆ ರಾತ್ರಿ ನಾವು ಯಾಕೆ ಅಷ್ಟು ಕುದಿದೆವು? ಇಲ್ಲಿ ನನಗೆ ದ್ರೋಣ ನೆನಪಾಗುತ್ತಾನೆ. ದ್ರೋಣ ಎಂದ ಕೂಡಲೇ ಏಕಲವ್ಯನ ಹೆಬ್ಬೆರಳು ನೆನಪಾಗುವುದು ಸಹಜ. ನಾನು ಹೇಳುತ್ತಿರುವುದು ಅದರ ಪಕ್ಕದ ಕಥೆ. ಬಾಲ್ಯದ ಗೆಳೆಯ ದ್ರುಪದ ರಾಜನಾದ ಮೇಲೆ ಬಡ ದ್ರೋಣನನ್ನು ಅವಮಾನಿಸಿ ಕಳಿಸುತ್ತಾನೆ. ದ್ರೋಣ ಹಸ್ತಿನಾವತಿಗೆ ಬಂದು ರಾಜಕುಮಾರರಿಗೆ ಗುರುವಾಗುತ್ತಾನೆ. ವಿದ್ಯೆ ಮುಗಿದ ಮೇಲೆ ಅವನು ಕೇಳಿದ ಗುರುದಕ್ಷಿಣೆ ಏನು? ದ್ರುಪದನನ್ನು ಹಿಡಿದು ತನ್ನಿ. ಆ ಹುಡುಗರಿಗೂ ದ್ರುಪದನಿಗೂ ಯಾವ ಜಗಳವೂ ಇರಲಿಲ್ಲ. ಜಗಳ ಗುರುವಿನದು. ಅವರ ತೋಳುಗಳಲ್ಲಿ ಅವನು ವರ್ಷಗಟ್ಟಲೆ ಬೆಳೆಸಿದ್ದು ತನ್ನ ಹಳೆಯ ಹಗೆಯನ್ನೂ ಹೌದು. ವಿದ್ಯೆ ನಿಜವಾದದ್ದೇ, ಅರ್ಜುನ ಬೆಳೆದದ್ದೂ ನಿಜವೇ. ಆದರೂ ಆ ದಕ್ಷಿಣೆಯಲ್ಲಿ ಏನೋ ಒಂದು ಮುಳ್ಳಿನಂತೆ ಚುಚ್ಚುತ್ತದೆ.

ಕಿರಿಯರ ರಾಷ್ಟ್ರೀಯ ತಂಡದೆದುರು ಅಭಿಮಾನಿಯೂ ಕೆಲವೊಮ್ಮೆ ಹೀಗೆಯೇ ನಿಲ್ಲುತ್ತಾನೆ. ನಮಗೆ ಒಂದು ಹಳೆಯ ಅವಮಾನವಿದೆ. ಇಷ್ಟು ದೊಡ್ಡ ದೇಶ, ಹಿರಿಯರ ವಿಶ್ವಕಪ್‌ನಲ್ಲಿ ಒಂದು ಪಂದ್ಯವನ್ನೂ ಆಡಿಲ್ಲ. ನಾಲ್ಕು ವರ್ಷಕ್ಕೊಮ್ಮೆ ಇನ್ಯಾವುದೋ ದೇಶದ ಬಾವುಟ ಹಿಡಿದು ಕುಣಿಯುತ್ತೇವೆ. ಆ ಸಾಲವನ್ನು ತೀರಿಸಿಕೊಡಿ ಎಂದು ಹದಿನಾರರ ಹುಡುಗರನ್ನು ಕೇಳುತ್ತೇವೆ. ಸಾಲ ಮಾಡಿದವರು ಅವರಲ್ಲ. ಮೈದಾನ ಕಟ್ಟದವರು, ಲೀಗ್ ನಡೆಸದವರು, ಶಾಲೆಯ ಆಟದ ಪೀರಿಯಡ್ಡನ್ನು ಗಣಿತಕ್ಕೆ ಬಿಟ್ಟುಕೊಟ್ಟವರು, ನಮ್ಮ ಮಕ್ಕಳು ಓದಲಿ ಬೇರೆಯವರ ಮಕ್ಕಳು ಆಡಲಿ ಎಂದುಕೊಂಡವರು, ಎಲ್ಲರೂ ದೊಡ್ಡವರೇ. ಮನುಷ್ಯರನ್ನು ಬರೀ ಸಾಧನವಾಗಿ ಬಳಸಬಾರದು ಎಂದು ಕಾಂಟ್ ಹೇಳಿದ್ದು ನಮಗೆ ಪಠ್ಯದಲ್ಲಿ ಸುಲಭವಾಗಿ ಅರ್ಥವಾಗುತ್ತದೆ. ತ್ರಿವರ್ಣದ ಹೊದಿಕೆ ಹೊದಿಸಿದ ಮೇಲೆ ಅದು ಅಷ್ಟು ಬೇಗ ಕಾಣುವುದಿಲ್ಲ.

2022ರಲ್ಲಿ ಹುಡುಗಿಯರ ಸರದಿ ಬಂತು. ಹದಿನೇಳರೊಳಗಿನ ಹೆಣ್ಣುಮಕ್ಕಳ ವಿಶ್ವಕಪ್ ಕೂಡ ಭಾರತದಲ್ಲೇ ನಡೆಯಿತು. ಭುವನೇಶ್ವರದಲ್ಲಿ ನಮ್ಮ ತಂಡ ಅಮೆರಿಕದೆದುರು 0-8, ಮೊರೊಕ್ಕೊ ಎದುರು 0-3, ಬ್ರೆಜಿಲ್ ಎದುರು 0-5ರಿಂದ ಸೋತಿತು. ಕೋಚ್ ಸ್ವೀಡನ್ನಿನ ಥಾಮಸ್ ಡೆನರ್‌ಬಿ. 2011ರಲ್ಲಿ ಸ್ವೀಡನ್ ಮಹಿಳೆಯರನ್ನು ವಿಶ್ವಕಪ್‌ನಲ್ಲಿ ಮೂರನೇ ಸ್ಥಾನಕ್ಕೆ ಒಯ್ದವರು. ಅಂಥವರ ಕೈಯಲ್ಲೂ ಎಂಟು ಗೋಲು ಬಿದ್ದವು ಎಂದರೆ ಬೆಂಚಿನ ಮೇಲೆ ಯಾರು ಕೂತಿದ್ದಾರೆ ಎಂಬುದು ಕಥೆಯ ಎಷ್ಟು ಸಣ್ಣ ಭಾಗ ಎಂದು ತಿಳಿಯುತ್ತದೆ. ಆ ಹದಿನಾರು ಗೋಲುಗಳನ್ನು ದೇಶ ಎಣಿಸಿತು. ವಿಶ್ಲೇಷಿಸಿತು, ನಾಚಿಕೆಪಟ್ಟಿತು.

ಅದಕ್ಕೆ ನಾಲ್ಕು ತಿಂಗಳ ಹಿಂದೆ, ಜೂನ್‌ನಲ್ಲಿ, ಇದೇ ತಂಡ ಅಭ್ಯಾಸಕ್ಕೆಂದು ಯುರೋಪ್ ಪ್ರವಾಸದಲ್ಲಿತ್ತು. ಅಲ್ಲಿ ಸಹಾಯಕ ಕೋಚ್ ಒಬ್ಬರ ಮೇಲೆ ಲೈಂಗಿಕ ದುರ್ನಡತೆಯ ದೂರು ಬಂತು. ಅವರನ್ನು ವಾಪಸು ಕರೆಸಿಕೊಂಡು, ಜುಲೈನಲ್ಲಿ ವಜಾ ಮಾಡಲಾಯಿತು. ಸುದ್ದಿ ಪತ್ರಿಕೆಗಳಲ್ಲಿ ಬಂತು, ಹೋಯಿತು. ಎಂಟು ಗೋಲಿಗೆ ಎದ್ದಷ್ಟು ಗದ್ದಲ ಇದಕ್ಕೆ ಏಳಲಿಲ್ಲ.

ಕಿರಿಯರ ತಂಡದ ಕೋಚಿಂಗ್ ಬಗ್ಗೆ ಅಭಿಮಾನಿಗೆ ನಿಜವಾಗಿ ರಕ್ತ ಕುದಿಯಬೇಕಾದ ಸಂಗತಿ ಒಂದಿದ್ದರೆ ಅದು ಇದು. ಇಲ್ಲಿ ಅದೃಷ್ಟದ ಪ್ರಶ್ನೆಯಿಲ್ಲ, ಎದುರಾಳಿ ಬಲಿಷ್ಠ ಎಂಬ ಸಬೂಬಿಲ್ಲ, ಮೂವತ್ತು ವರ್ಷದ ವ್ಯವಸ್ಥೆ ಬೇಕು ಎಂಬ ನೆಪವಿಲ್ಲ. ಶಿಬಿರದಲ್ಲಿರುವ ಒಂದು ಮಗು ಅಲ್ಲಿ ಕ್ಷೇಮವಾಗಿರಬೇಕು ಎಂಬುದು ಮೊದಲ ದಿನದಿಂದಲೇ ಪೂರ್ತಿಯಾಗಿ ದೊಡ್ಡವರ ಕೈಯಲ್ಲಿರುವ ವಿಷಯ. ಸ್ಟ್ರಾಸನ್ ಹೇಳುವ ಅರ್ಥದಲ್ಲಿ ಸಿಟ್ಟಿಗೆ ಇದಕ್ಕಿಂತ ತಕ್ಕ ಗುರಿ ಸಿಗದು. ಆದರೂ ನಮ್ಮ ಸಿಟ್ಟಿಗೆ ಸ್ಕೋರ್‌ಬೋರ್ಡ್ ಬೇಕಾಗುತ್ತದೆ. ಅಲ್ಲಿ ಅಂಕಿ ಮೂಡದ ತಪ್ಪು ಅದಕ್ಕೆ ತಪ್ಪಾಗಿ ಕಾಣುವುದಿಲ್ಲ.

ಅಭಿಮಾನಿಯ ಸಿಟ್ಟಿನ ಬಗ್ಗೆ ಸುನಿಲ್ ಛೆಟ್ರಿ 2018ರ ಜೂನ್‌ನಲ್ಲಿ ಆಡಿದ ಮಾತುಗಳು ಈ ಚರ್ಚೆಗೆ ಚೆನ್ನಾಗಿ ಹೊಂದುತ್ತವೆ. ಮುಂಬೈಯಲ್ಲಿ ಚೈನೀಸ್ ತೈಪೆ ವಿರುದ್ಧ ಭಾರತ 5-0ಯಿಂದ ಗೆದ್ದಿತ್ತು, ಛೆಟ್ರಿ ಮೂರು ಗೋಲು ಹೊಡೆದಿದ್ದರು. ನೋಡಲು ಬಂದವರು ಮೂರು ಸಾವಿರವೂ ಇರಲಿಲ್ಲ. ಆಮೇಲೆ ಅವರು ಒಂದು ವಿಡಿಯೊದಲ್ಲಿ ಕೇಳಿಕೊಂಡರು: ಬನ್ನಿ, ನಮ್ಮನ್ನು ಬೈಯಿರಿ, ಟೀಕಿಸಿ, ಕೂಗಾಡಿ, ಆದರೆ ಮೈದಾನಕ್ಕೆ ಬನ್ನಿ. ಮುಂದಿನ ಪಂದ್ಯಕ್ಕೆ ಕ್ರೀಡಾಂಗಣ ತುಂಬಿತು. ಬೈಯುವ ಹಕ್ಕು ಅಭಿಮಾನಿಗೆ ಇದೆ ಎಂದು ನಾಯಕನೇ ಒಪ್ಪಿದ್ದರು. ಹಕ್ಕಿನ ಬೆಲೆ ಏನೆಂದೂ ಹೇಳಿದ್ದರು. ಬಂದು ನೋಡುವುದು ಅದರ ಬೆಲೆ.

ಕಿರಿಯರ ವಿಷಯದಲ್ಲಿ ಆ ಬೆಲೆ ಸ್ವಲ್ಪ ಹೆಚ್ಚು ಎಂದು ನನಗೆ ಅನ್ನಿಸುತ್ತದೆ. 2017ರ ಟೂರ್ನಿಯನ್ನು ಮೈದಾನಕ್ಕೆ ಬಂದು ನೋಡಿದವರ ಸಂಖ್ಯೆ 13 ಲಕ್ಷ 47 ಸಾವಿರ ದಾಟಿತ್ತು. ಈ ವಿಶ್ವಕಪ್‌ನ ಚರಿತ್ರೆಯಲ್ಲೇ ಅದು ದಾಖಲೆ. ಅಷ್ಟು ಜನ ಬಂದರು ಎನ್ನುವುದು ಸಂತೋಷ. ಅದೇ ಹುಡುಗರನ್ನು ಬಿಡದೆ ಒಟ್ಟಾಗಿಟ್ಟು, ಇಂಡಿಯನ್ ಆ್ಯರೋಸ್ ಎಂಬ ಹೆಸರಿನಲ್ಲಿ ದೊಡ್ಡವರ ಐ-ಲೀಗ್‌ನಲ್ಲಿ ಆಡಿಸಲಾಯಿತು. ಪಂದ್ಯದ ಅನುಭವ ಸಿಗಲಿ ಎಂಬುದು ಉದ್ದೇಶ. 2022ರಲ್ಲಿ ಆ ತಂಡವನ್ನೇ ನಿಲ್ಲಿಸಲಾಯಿತು. ನಿಲ್ಲಿಸಿದ್ದು ಸರಿಯೋ ತಪ್ಪೋ ಎಂದು ವಾದ ಮಾಡಬಹುದು. ಆದರೆ ಆ ವಾದ ಅಭಿಮಾನಿಗಳ ನಡುವೆ ಎಷ್ಟು ನಡೆಯಿತು? ಒಬ್ಬ ಹುಡುಗನನ್ನು ಒಂದು ಪಂದ್ಯದಲ್ಲಿ ಕೂರಿಸಿದ್ದಕ್ಕೆ ವಾರಗಟ್ಟಲೆ ಮಾತಾಡಿದ ನಾವು, ಒಂದು ತಲೆಮಾರಿನ ಹುಡುಗರಿಗೆ ಆಡಲು ಇದ್ದ ತಂಡವೇ ಇಲ್ಲವಾದಾಗ ಏನು ಹೇಳಿದೆವು?

ಕೋಚ್ ಬದಲಾಯಿಸಿ ಎಂಬ ಕೂಗಿಗೆ ಒಂದು ಅಪಾಯವಿದೆ. ಅದನ್ನು ಈಡೇರಿಸುವುದು ಆಡಳಿತಕ್ಕೆ ಬಹಳ ಅಗ್ಗ. ಒಂದು ಪತ್ರಿಕಾ ಪ್ರಕಟಣೆ ಸಾಕು. ಅಭಿಮಾನಿಗೆ ಗೆದ್ದಂತಾಗುತ್ತದೆ, ಹೊಸ ಕೋಚ್ ಬರುತ್ತಾರೆ, ಎರಡು ವರ್ಷ ಎಲ್ಲರೂ ಸುಮ್ಮನಿರುತ್ತಾರೆ. ಹಾಗೆ ನೋಡಿದರೆ ಕೋಚ್ ಎಂಬ ವ್ಯಕ್ತಿ ಸಿಡಿಲು ಹಿಡಿಯಲು ಕಟ್ಟಡದ ಮೇಲೆ ನೆಟ್ಟ ಕಂಬಿಯಂತೆ. ಸಿಡಿಲು ಕಂಬಿಗೆ ಬಡಿಯುತ್ತದೆ, ಮನೆಯೊಳಗಿನವರು ನೆಮ್ಮದಿಯಾಗಿ ಮಲಗುತ್ತಾರೆ.

ಹಾಗಂತ ಕೋಚ್‌ಗಳನ್ನು ಏನೂ ಕೇಳಬಾರದು ಎಂದಲ್ಲ. ಇನ್ನೂ ಹೆಚ್ಚು ಕೇಳಬೇಕು, ಬೇರೆಯದನ್ನು ಕೇಳಬೇಕು. ಶಿಬಿರಕ್ಕೆ ಬಂದು ಆಯ್ಕೆಯಾಗದೆ ವಾಪಸಾದ ಹುಡುಗ ಈಗ ಎಲ್ಲಿದ್ದಾನೆ? ಅವನ ಓದು ಏನಾಯಿತು? ಆರಿಸಿದವರಲ್ಲಿ ವರ್ಷದ ಕೊನೆಯಲ್ಲಿ ಹುಟ್ಟಿದವರು ಎಷ್ಟು ಜನ? ಗಾಯವಾದವನನ್ನು ಇನ್ನೊಂದು ಪಂದ್ಯ ಆಡು ಎಂದು ಯಾರಾದರೂ ಒತ್ತಾಯಿಸಿದರೇ? ಹುಡುಗಿಯರ ಶಿಬಿರದಲ್ಲಿ ದೂರು ಕೊಡಬೇಕೆಂದರೆ ಯಾರ ಬಳಿ ಹೋಗಬೇಕೆಂದು ಆ ಹುಡುಗಿಯರಿಗೆ ಗೊತ್ತಿದೆಯೇ? ಬಂದಾಗ ಬರದೇ ಇದ್ದ ಯಾವುದನ್ನು ಈ ಹುಡುಗ ಈಗ ಮಾಡಬಲ್ಲ? ಇವು ಸೋತಾಗ ಕೇಳಬೇಕಾದ ಪ್ರಶ್ನೆಗಳು. ಗೆದ್ದಾಗ ಇನ್ನೂ ಗಟ್ಟಿಯಾಗಿ ಕೇಳಬೇಕು, ಏಕೆಂದರೆ ಕಪ್ ಕೈಗೆ ಬಂದ ದಿನ ಬೇರೆ ಯಾರೂ ಇದನ್ನು ಕೇಳುವುದಿಲ್ಲ.

ಈ ಪ್ರಶ್ನೆಗಳಿಗೆ ಉತ್ತರ ತೊಂಬತ್ತು ನಿಮಿಷದಲ್ಲಿ ಸಿಗುವುದಿಲ್ಲ. ಐದು ವರ್ಷ, ಹತ್ತು ವರ್ಷ ಆ ಹುಡುಗ ಹುಡುಗಿಯರ ಹೆಸರು ನೆನಪಿಟ್ಟುಕೊಂಡು ಹಿಂದೆ ಬೀಳಬೇಕು. ನೀವು ವಿದ್ಯಾರ್ಥಿಗಳಾಗಿದ್ದರೆ ಈ ಭಾನುವಾರ ನಿಮ್ಮೂರಿನ ಯಾವುದಾದರೂ ಮೈದಾನದಲ್ಲಿ ಹದಿನೈದು ವರ್ಷದೊಳಗಿನವರ ಪಂದ್ಯ ನಡೆಯುತ್ತಿದ್ದರೆ ಹೋಗಿ ನಿಂತು ನೋಡಿ. ಟಿಕೆಟ್ ಇರುವುದಿಲ್ಲ. ಬೇಕಿದ್ದರೆ ಕೋಚ್ ಜೊತೆ ಜಗಳವನ್ನೂ ಆಡಿ. ಆದರೆ ಬೆಂಚಿನ ತುದಿಯಲ್ಲಿ ಶಾಲು ಹೊದ್ದಂತೆ ಟವೆಲ್ ಸುತ್ತಿಕೊಂಡು ಕೂತಿರುವ, ಎಲ್ಲರಿಗಿಂತ ಗಿಡ್ಡ ಇರುವ ಹುಡುಗನ ಹೆಸರೇನು ಎಂದು ಮೊದಲು ಕೇಳಿ ತಿಳಿದುಕೊಳ್ಳಿ. ಮುಂದಿನ ವರ್ಷ ಅವನು ಅಲ್ಲಿಲ್ಲದಿದ್ದರೆ ಎಲ್ಲಿಗೆ ಹೋದ ಎಂದು ಕೇಳಲು ಒಬ್ಬರಾದರೂ ಬೇಕು.